ಸುಳ್ಳು ಹೇಳದೆ ಉತ್ತರಿಸಬಹುದಾದ ಪ್ರಶ್ನೆ

ಪ್ರಶ್ನೆ:

ನಾನು ತುಮಕೂರು ಕಡೆಯವಳು. ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು, ಐದನೇ ತರಗತಿಗೆ ಕನ್ನಡ ಹೇಳಿಕೊಡುತ್ತಿದ್ದೇನೆ. ತರಗತಿಯಲ್ಲಿ ಅರ್ಧಕ್ಕೂ ಹೆಚ್ಚು ಮಕ್ಕಳು ಪಕ್ಕದ ತಾಂಡಾದವರು, ಮನೆಯಲ್ಲಿ ಲಂಬಾಣಿ ಆಡುವವರು. ನಾಲ್ಕೈದು ಮಕ್ಕಳ ಮನೆಮಾತು ಉರ್ದು. ಉಳಿದವರ ಕನ್ನಡ ನನ್ನ ಕನ್ನಡವಲ್ಲ, ಪುಸ್ತಕದ ಕನ್ನಡವಂತೂ ಅಲ್ಲವೇ ಅಲ್ಲ. ತಾಂಡಾದ ಮಕ್ಕಳು ಬಯಲಲ್ಲಿ ಆಡುವಾಗ ಬಾಯಿ ಮುಚ್ಚುವುದಿಲ್ಲ, ನನ್ನ ಪೀರಿಯಡ್ಡಿನಲ್ಲಿ ಬಾಯಿ ತೆರೆಯುವುದಿಲ್ಲ.

ಹೋದ ತಿಂಗಳು ‘ನನ್ನ ತಂದೆ’ ಎಂದು ಪ್ರಬಂಧ ಬರೆಸಿದೆ. ಒಬ್ಬ ಹುಡುಗ ಬರೆದದ್ದು ಹೀಗಿತ್ತು: ‘ನನ್ನ ತಂದೆ ಶಿಕ್ಷಕರು. ಅವರು ಬೆಳಿಗ್ಗೆ ಬೇಗ ಏಳುತ್ತಾರೆ. ದಿನಪತ್ರಿಕೆ ಓದುತ್ತಾರೆ. ಭಾನುವಾರ ನನ್ನನ್ನು ಉದ್ಯಾನವನಕ್ಕೆ ಕರೆದುಕೊಂಡು ಹೋಗುತ್ತಾರೆ.’ ದುಂಡನೆಯ ಅಕ್ಷರ, ಒಂದು ತಪ್ಪಿಲ್ಲ. ಹತ್ತಕ್ಕೆ ಒಂಬತ್ತು ಕೊಟ್ಟೆ. ಅವನ ತಂದೆ ತಾಯಿ ಇಬ್ಬರೂ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋಗುವವರು ಎಂದು ಆಮೇಲೆ ತಿಳಿಯಿತು. ಅಜ್ಜಿಯ ಹತ್ತಿರ ಇದ್ದಾನೆ. ಅಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ಇನ್ನೊಬ್ಬಳು ಹುಡುಗಿಗೆ ಕಣ್ಣು ಮಂದ. ಮುಂದಿನ ಸಾಲಿನಲ್ಲಿ ಕೂರಿಸಿದ್ದೇನೆ. ಆದರೂ ಬೋರ್ಡು ನೋಡಿ ಬರೆಯುವಾಗ ಪಕ್ಕದವಳ ಪುಸ್ತಕದ ಮೇಲೆ ಬಗ್ಗುತ್ತಾಳೆ. ‘ಕಾಣ್ತದಾ?’ ಅಂದರೆ ‘ಹೌದ್ರಿ’ ಅನ್ನುತ್ತಾಳೆ. ‘ಓದಿ ಕಣ್ಣು ಇನ್ನೂ ಹಾಳಾಗ್ತಾವ, ಶಾಲಿ ಬಿಡಸ್ತೀವ್ರಿ’ ಎಂದು ಅವಳ ತಾಯಿ ಹೇಳಿ ಹೋಗಿದ್ದಾರೆ.

ಎಲ್ಲರನ್ನೂ ಒಳಗೊಳ್ಳುವ ಪಾಠ ಮಾಡಬೇಕು ಎಂದು ತರಬೇತಿಗಳಲ್ಲಿ ಕೇಳಿದ್ದೇನೆ. ಆದರೆ ಪುಸ್ತಕ ನಾನು ಬರೆದದ್ದಲ್ಲ. ಲಂಬಾಣಿ ನನಗೆ ಬರುವುದಿಲ್ಲ. ಮಕ್ಕಳು ಆಡಿದ್ದನ್ನೆಲ್ಲ ಸರಿ ಎಂದರೆ ಮುಂದೆ ಪರೀಕ್ಷೆಯಲ್ಲಿ ಏನು ಬರೆದಾರು ಎಂಬ ಭಯವೂ ಇದೆ. ನಮ್ಮ ಹಿರಿಯ ಮೇಷ್ಟ್ರೊಬ್ಬರು ‘ಕನ್ನಡ ಶಾಲ್ಯಾಗ ಕನ್ನಡ ಕಲಸ್ರಿ ಸಾಕು, ಸಿಲಬಸ್ ಮುಗಿಸ್ರಿ’ ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?

– ಒಬ್ಬ ಶಿಕ್ಷಕಿ, ಯಾದಗಿರಿ ಜಿಲ್ಲೆ

ಉತ್ತರ:

ಅಕ್ಕೋರೇ (ನಿಮ್ಮ ಮಕ್ಕಳು ಹೀಗೇ ಕರೆಯುತ್ತಿರಬೇಕು, ನಾನೂ ಹಾಗೇ ಕರೆಯುತ್ತೇನೆ),

ಮೊದಲು ಆ ಹುಡುಗಿಯ ವಿಷಯ. ಉಳಿದದ್ದು ಒಂದು ವಾರ ತಡವಾದರೂ ನಡೆಯುತ್ತದೆ, ಇದು ನಡೆಯುವುದಿಲ್ಲ. ಅವಳ ಕಣ್ಣಿನ ತಪಾಸಣೆ ಆಗಿದೆಯೇ ಎಂದು ನೀವು ಬರೆದಿಲ್ಲ. ಆಗಿಲ್ಲದಿದ್ದರೆ ಅದೇ ಮೊದಲ ಕೆಲಸ. ಸರ್ಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆ ಬರುವ ಆರ್‌ಬಿಎಸ್‌ಕೆ ವೈದ್ಯರ ತಂಡ ಬರುವವರೆಗೆ ಕಾಯಬೇಡಿ, ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಲು ಮನೆಯವರನ್ನು ಒಪ್ಪಿಸಿ. ಎಷ್ಟೋ ಮಕ್ಕಳಿಗೆ ಕನ್ನಡಕವೊಂದೇ ಸಾಕಾಗುತ್ತದೆ. ಕನ್ನಡಕ ಹಾಕಿದರೂ ತೀರದ ಮಂದದೃಷ್ಟಿ ಇದ್ದರೆ ನಿಮ್ಮ ಕ್ಷೇತ್ರ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿ ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿಯೇ ಇರುವ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಅವರಿಗೆ ಲಿಖಿತವಾಗಿ ತಿಳಿಸಿ. ಬಾಯಿಮಾತಿನಲ್ಲಿ ಹೇಳಿದ್ದು ಕಡತಕ್ಕೆ ಹೋಗುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸುವ 21 ವೈಕಲ್ಯಗಳಲ್ಲಿ ಮಂದದೃಷ್ಟಿಯೂ ಒಂದು. ವೈಕಲ್ಯದ ಪ್ರಮಾಣ ಕಾಯ್ದೆ ಹೇಳುವಷ್ಟಿದ್ದರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೇ ಉಚಿತವಾಗಿ ಓದುವ ಹಕ್ಕು ಅವಳಿಗಿದೆ. ಆದರೆ ತಾಯಿಯ ಮುಂದೆ ಕಾಯ್ದೆ ಓದಬೇಡಿ. ಆಕೆಗೆ ಇರುವುದು ಭಯ. ಓದಿದರೆ ಕಣ್ಣು ಸವೆಯುತ್ತದೆ ಎಂಬ ನಂಬಿಕೆ ನಮ್ಮ ಊರುಗಳಲ್ಲಿ ಬಹಳ ಹಳೆಯದು. ‘ಓದುವುದರಿಂದ ಕಣ್ಣು ಕೆಡುವುದಿಲ್ಲ’ ಎಂದು ಕಣ್ಣಿನ ಡಾಕ್ಟರ ಬಾಯಿಂದಲೇ ಆಕೆ ಕೇಳಲಿ. ನೀವು ನಾನು ಹೇಳಿದರೆ ನಡೆಯುವ ಮಾತಲ್ಲ ಅದು.

ಇನ್ನು ತರಗತಿಯ ಒಳಗೆ. ‘ಕಾಣ್ತದಾ?’ ಎಂಬ ಪ್ರಶ್ನೆಯನ್ನು ಇವತ್ತೇ ಬಿಟ್ಟುಬಿಡಿ. ಎಲ್ಲರ ಮುಂದೆ ‘ಇಲ್ರಿ’ ಅನ್ನುವ ಮಗು ಎಲ್ಲಿದೆ? ಅದರ ಬದಲು ಅವಳೊಬ್ಬಳೇ ಇರುವಾಗ ಬೋರ್ಡಿನ ಮೇಲೆ ನಾಲ್ಕು ಪದ ಬರೆದು ಓದಿಸಿ. ಎಲ್ಲಿ ಕೂತರೆ, ಎಲ್ಲಿ ನಿಂತರೆ ಚೆನ್ನಾಗಿ ಕಾಣುತ್ತದೆ ಎಂದು ಅವಳೇ ಓಡಾಡಿ ಹುಡುಕಲಿ. ಮುಂದಿನ ಸಾಲೇ ಸರಿ ಎಂದು ಹೇಳಲಾಗದು. ಬಾಗಿಲಿನ ಬೆಳಕು ಬೋರ್ಡಿಗೆ ಬಡಿದು ಹೊಳೆಯುತ್ತಿದ್ದರೆ ಮುಂದೆ ಕೂತವರಿಗೇ ಹೆಚ್ಚು ತೊಂದರೆ. ಕೆಲವು ಮಕ್ಕಳಿಗೆ ತಲೆ ಓರೆ ಮಾಡಿ ಪಕ್ಕದಿಂದ ನೋಡಿದರೆ ಕಾಣುತ್ತದೆ, ನಾವು ‘ನೆಟ್ಟಗೆ ಕೂತ್ಕೋ’ ಎಂದು ಗದರಿ ಆ ದಾರಿಯನ್ನೂ ಮುಚ್ಚುತ್ತೇವೆ.

ನಮ್ಮ ಲಿಪಿಯಲ್ಲಿ ಒಂದು ವಿಶೇಷ ಕಷ್ಟವಿದೆ. ತಲೆಯ ಮೇಲೆ ಗುಡಿಸು, ಏತ್ವ, ಕೆಳಗೆ ಒತ್ತಕ್ಷರ. ನಾವು ಬೋರ್ಡಿನಲ್ಲಿ ‘ವಿದ್ಯಾರ್ಥಿ’ ಎಂದು ಬರೆಯುವಾಗ ಒತ್ತುಗಳು ಮೇಲಿನ ಅಕ್ಷರದ ಅರ್ಧ ಗಾತ್ರಕ್ಕೆ ಇಳಿಯುತ್ತವೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿಬಿಡುತ್ತದೆ. ಕಣ್ಣು ಚೆನ್ನಾಗಿರುವವರು ಅದನ್ನು ಊಹಿಸಿ ಓದುತ್ತಾರೆ, ಆ ಹುಡುಗಿಗೆ ಅಲ್ಲಿ ಕಾಣುವುದು ಒಂದು ಬಿಳಿ ಮಚ್ಚೆ. ಪ–ಷ, ಮ–ವ, ದ–ಧ, ಬ–ಭ ಇವುಗಳ ನಡುವಿನ ವ್ಯತ್ಯಾಸ ಒಂದೊಂದು ಸಣ್ಣ ಗೀರು ಮಾತ್ರ. ಸಾಲುಗಳ ನಡುವೆ ಒಂದು ಸಾಲಿನಷ್ಟು ಜಾಗ ಬಿಡಿ. ಕೆಂಪು, ನೀಲಿ ಚಾಕ್ ಪೀಸು ಬೇಡ, ಬಿಳಿ ಇಲ್ಲವೇ ಹಳದಿ ಇರಲಿ. ಬರೆಯುತ್ತಾ ಬರೆಯುತ್ತಾ ಬರೆದದ್ದನ್ನು ಗಟ್ಟಿಯಾಗಿ ಓದಿ. ಇದು ಅವಳೊಬ್ಬಳಿಗಾಗಿ ಅಲ್ಲ, ಲಂಬಾಣಿ ಮಕ್ಕಳಿಗೂ ಪದ ಕಿವಿಗೆ ಬೀಳಬೇಕು. ಬೋರ್ಡು ನೋಡಿ ನಕಲು ಮಾಡುವ ಶಿಕ್ಷೆಯಿಂದ ಅವಳನ್ನು ಬಿಡಿಸಿ, ಬಿಳಿ ಹಾಳೆಯಲ್ಲಿ ಕಪ್ಪು ಸ್ಕೆಚ್ ಪೆನ್ನಿನಿಂದ ದಪ್ಪಗೆ ಬರೆದುಕೊಡಿ. ಕಂಪ್ಯೂಟರಿನಲ್ಲಿ ಟೈಪು ಮಾಡಿಸುವುದಾದರೆ 18 ಪಾಯಿಂಟಿಗಿಂತ ಕಡಿಮೆ ಬೇಡ, ಒತ್ತಕ್ಷರ ತುಂಬಿದ ಪಾಠವಾದರೆ 24 ಇಡಿ. ಪಾಠದ ಪುಟದ ಫೋಟೋ ತೆಗೆದು ಮೊಬೈಲಿನಲ್ಲಿ ಹಿಗ್ಗಿಸಿ ತೋರಿಸುವುದು ಖರ್ಚಿಲ್ಲದ ಉಪಾಯ. ಬ್ರೈಲ್ ಕಲಿಸಬೇಕೇ ಎಂಬುದನ್ನು ತಪಾಸಣೆ ಮಾಡಿದವರು ಹೇಳಲಿ. ಕನ್ನಡಕ್ಕೆ ಆರು ಚುಕ್ಕಿಗಳ ಭಾರತಿ ಬ್ರೈಲ್ ಇದೆ, ಆದರೆ ಮಂದದೃಷ್ಟಿಯ ಮಕ್ಕಳಲ್ಲಿ ಹಲವರು ದೊಡ್ಡ ಅಕ್ಷರದಲ್ಲೇ ಓದಬಲ್ಲರು.

ಈಗ ಒಂಬತ್ತು ಅಂಕದ ಹುಡುಗ.

ನೀವು ಕೊಟ್ಟ ಒಂಬತ್ತು ಅಂಕ ಅವನಿಗೆ ಸೇರಲಿಲ್ಲ, ಯಾವುದೋ ಗೈಡು ಬರೆದ ಪುಣ್ಯಾತ್ಮನಿಗೆ ಸೇರಿತು. ಆದರೆ ಹುಡುಗ ಸುಳ್ಳ ಎಂದು ತಿಳಿಯಬೇಡಿ. ಅವನು ಜಾಣ. ಶಾಲೆಯಲ್ಲಿ ‘ತಂದೆ’ ಎಂದರೆ ಯಾರು ಎಂಬುದನ್ನು ಅವನು ಚೆನ್ನಾಗಿ ಕಲಿತಿದ್ದಾನೆ. ಪತ್ರಿಕೆ ಓದುವವನು, ಉದ್ಯಾನವನಕ್ಕೆ ಕರೆದೊಯ್ಯುವವನು. ತನ್ನ ಅಪ್ಪ ಆ ಪ್ರಶ್ನೆಯಲ್ಲಿ ಹಿಡಿಸುವುದಿಲ್ಲ ಎಂದು ಅವನಿಗೆ ಗೊತ್ತಾಗಿದೆ. ಹಾಗಾಗಿ ಹಿಡಿಸುವ ಅಪ್ಪನೊಬ್ಬನನ್ನು ತಂದು ಕೂರಿಸಿದ. ತರಬೇತಿಗಳಲ್ಲಿ ಒಳಗೊಳ್ಳುವಿಕೆ ಎಂದು ಎರಡು ದಿನ ಹೇಳುವುದನ್ನು ನಾನು ಒಂದೇ ಪ್ರಶ್ನೆಗೆ ಇಳಿಸುತ್ತೇನೆ: ನಾನು ಕೇಳುವ ಈ ಪ್ರಶ್ನೆಗೆ ನನ್ನ ತರಗತಿಯ ಪ್ರತಿಯೊಂದು ಮಗುವೂ ಸುಳ್ಳು ಹೇಳದೆ, ನಾಚಿಕೊಳ್ಳದೆ ಉತ್ತರಿಸಬಲ್ಲದೇ?

ಪುಸ್ತಕ ನಿಮ್ಮ ಕೈಯಲ್ಲಿಲ್ಲ, ನಿಜ. ಪಠ್ಯಪುಸ್ತಕ ಸಂಘಕ್ಕೆ ಒಂದು ಕಾಗದ ಬರೆಯಿರಿ, ಬರೆಯಲೇಬೇಕು. ಆದರೆ ಅದು ಬದಲಾಗುವ ಹೊತ್ತಿಗೆ ಈ ಮಕ್ಕಳು ಹೈಸ್ಕೂಲು ದಾಟಿರುತ್ತಾರೆ. ಪ್ರಶ್ನೆ ಮಾತ್ರ ನಿಮ್ಮ ಕೈಯಲ್ಲೇ ಇದೆ. ವರ್ಷಕ್ಕೆ ನಾಲ್ಕು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಮಾಡುತ್ತೀರಲ್ಲ, ಅದರ ಚಟುವಟಿಕೆ ಯಾವುದು, ಪ್ರಶ್ನೆ ಯಾವುದು ಎಂದು ತೀರ್ಮಾನಿಸುವವರು ನೀವೇ. ‘ನನ್ನ ತಂದೆ’ ಎಂಬುದರ ಜೊತೆಗೆ ‘ನನ್ನನ್ನು ನೋಡಿಕೊಳ್ಳುವ ಒಬ್ಬರು’ ಎಂದೂ ಕೊಡಿ. ‘ರಜೆಯಲ್ಲಿ ಮಾಡಿದ ಪ್ರವಾಸ’ ಬೇಡ, ‘ರಜೆಯ ಒಂದು ದಿನ’ ಸಾಕು. ‘ನಮ್ಮ ಮನೆಯ ದೀಪಾವಳಿ’ಗಿಂತ ‘ನಮ್ಮಲ್ಲಿ ಎಲ್ಲರೂ ಸೇರುವ ದಿನ’ ಎಂದರೆ ಉರುಸೂ ಬರುತ್ತದೆ, ಸೇವಾಲಾಲ್ ಜಯಂತಿಯೂ ಬರುತ್ತದೆ, ದೀಪಾವಳಿಗೇನೂ ಕಡಿಮೆಯಾಗುವುದಿಲ್ಲ. ಒಂದು ಎಚ್ಚರಿಕೆ: ಅಪ್ಪನ ವಿಷಯವನ್ನೇ ತರಗತಿಯಿಂದ ಓಡಿಸಬೇಡಿ. ದೂರದಲ್ಲಿರುವ ಅಪ್ಪನ ಬಗ್ಗೆ ಬರೆಯುವ ಆಸೆ ಯಾವ ಮಗುವಿಗಿದೆಯೋ ಯಾರು ಬಲ್ಲರು. ಆಯ್ಕೆ ಇರಲಿ, ಅಷ್ಟೇ.

ಆ ಹುಡುಗನನ್ನು ಕರೆದು ‘ಯಾಕೆ ಸುಳ್ಳು ಬರೆದೆ’ ಎಂದು ಮಾತ್ರ ಕೇಳಬೇಡಿ. ಅಂಕವನ್ನೂ ಕಸಿಯಬೇಡಿ. ಅವನಿಗೆ ಗೊತ್ತಿರುವ, ನಿಮಗೆ ಗೊತ್ತಿಲ್ಲದ ಒಂದು ವಿಷಯ ಕೇಳಿ. ಕಬ್ಬು ಕಡಿಯುವ ಕೆಲಸದ ಶಬ್ದಭಂಡಾರ ದೊಡ್ಡದು. ಮುಂಗಡ ಕೊಟ್ಟು ಜನರನ್ನು ಕರೆದೊಯ್ಯುವ ಮುಕಾದಮ, ಒಟ್ಟಿಗೆ ಹೋಗುವ ಟೋಳಿ, ಕಡಿಯುವ ಕೊಯ್ತಾ. ಮಹಾರಾಷ್ಟ್ರದ ಕಬ್ಬಿನ ಸೀಮೆಯಲ್ಲಿ ಗಂಡ-ಹೆಂಡತಿ ಜೋಡಿಯನ್ನೇ ಒಂದು ‘ಕೊಯ್ತಾ’ ಎಂದು ಲೆಕ್ಕ ಹಿಡಿಯುತ್ತಾರೆ. ಅಂದರೆ ಅವನ ಅವ್ವ ಅಪ್ಪನಷ್ಟೇ ದುಡಿಯುವವಳು. ಅಡುಗೆಮನೆಯಲ್ಲಿ ಅಮ್ಮ, ಆರಾಮ ಕುರ್ಚಿಯಲ್ಲಿ ಅಪ್ಪ ಎಂಬ ಚಿತ್ರದ ಬಗ್ಗೆ ನಮ್ಮಲ್ಲಿ ಬಹಳ ಭಾಷಣ ನಡೆದಿದೆ, ನಾನು ಮತ್ತೆ ಮಾಡುವುದಿಲ್ಲ. ನಿಮ್ಮ ತರಗತಿಯ ಮಟ್ಟಿಗೆ ಆ ಚಿತ್ರ ಸರಿಯೋ ತಪ್ಪೋ ಎಂಬುದಕ್ಕಿಂತ ಮೊದಲು ಅದು ಸುಳ್ಳು. ಹುಡುಗ ಒಂದು ದಿನ ಕಬ್ಬಿನ ಗದ್ದೆಯ ಬಗ್ಗೆ ಬರೆದರೆ, ಅವನನ್ನು ಕೇಳದೆ ಅದನ್ನು ಗೋಡೆಗೆ ಅಂಟಿಸಬೇಡಿ, ಮೀಟಿಂಗಿನಲ್ಲಿ ಓದಬೇಡಿ. ಬರೆದವನ ಹಕ್ಕು ಅದು.

ಲಂಬಾಣಿ ಬರುವುದಿಲ್ಲ ಎಂದು ಬರೆದಿದ್ದೀರಿ. ನಿಮಗೆ ಅದು ಬರಬೇಕಾಗಿಲ್ಲ, ಆ ಭಾಷೆ ತರಗತಿಗೆ ಬರಬೇಕು ಅಷ್ಟೆ. 2011ರ ಜನಗಣತಿಯಲ್ಲಿ ಲಂಬಾಣಿ ತಮ್ಮ ಮಾತೆಂದು ಹೇಳಿದವರು ದೇಶದಲ್ಲಿ 30 ಲಕ್ಷಕ್ಕೂ ಹೆಚ್ಚು. ಗಣತಿಯ ಪಟ್ಟಿ ಅಷ್ಟೂ ಜನರನ್ನು ಹಿಂದಿಯ ಲೆಕ್ಕಕ್ಕೆ ಸೇರಿಸಿಬಿಟ್ಟಿದೆ. ಅಲ್ಲೂ ಕಾಣೆ, ನಮ್ಮ ತರಗತಿಯಲ್ಲೂ ಕಾಣೆ. ರಾಜಸ್ಥಾನಿಗೆ ಹತ್ತಿರದ ಈ ನುಡಿಯಲ್ಲಿ ಲಿಂಗ ಎರಡೇ, ಗಂಡು ಮತ್ತು ಹೆಣ್ಣು. ಕನ್ನಡದ ‘ಅದು, ಇದು’ ತಾಂಡಾದ ಮಗುವಿಗೆ ಹೊಸ ಲೋಕ. ನಾಮಪದಕ್ಕೆ ತಪ್ಪು ಕ್ರಿಯಾಪದ ಹಚ್ಚಿದರೆ ಅದು ದಡ್ಡತನವಲ್ಲ, ಮಗು ತನ್ನ ಮನೆಯ ವ್ಯಾಕರಣವನ್ನು ನಿಷ್ಠೆಯಿಂದ ಪಾಲಿಸುತ್ತಿದೆ.

ಮಾಡುವುದು ಕಷ್ಟವಿಲ್ಲ. ಚಿತ್ರ ತೋರಿಸಿ ಮಾತಾಡಿಸುವಾಗ ಮೊದಲ ಐದು ನಿಮಿಷ ತಾಂಡಾದ ಮಕ್ಕಳು ತಮ್ಮ ಮಾತಲ್ಲೇ ಹೇಳಲಿ, ಎರಡೂ ಬರುವ ಮಗುವೊಂದು ಕನ್ನಡದಲ್ಲಿ ತಿಳಿಸಲಿ, ನೀವು ಬೋರ್ಡಿನಲ್ಲಿ ಎರಡನ್ನೂ ಬರೆಯಿರಿ. ಬರೆಯುವುದು ಹೇಗೆ ಎಂದು ಹೆದರಬೇಕಾಗಿಲ್ಲ. ಲಂಬಾಣಿಗೆ ತನ್ನದೇ ಲಿಪಿಯಿಲ್ಲ, ಮಹಾರಾಷ್ಟ್ರದಲ್ಲಿ ದೇವನಾಗರಿ, ತೆಲಂಗಾಣದಲ್ಲಿ ತೆಲುಗು, ನಮ್ಮಲ್ಲಿ ಕನ್ನಡ ಅಕ್ಷರದಲ್ಲೇ ಬರೆಯುತ್ತಾರೆ. ಗೋಡೆಯ ಮೇಲೆ ಒಂದು ದೊಡ್ಡ ಹಾಳೆ ಅಂಟಿಸಿ. ತಾಯಿ, ಅವ್ವ, ಯಾಡಿ, ಅಮ್ಮಿ. ನೀರು, ಪಾಣಿ. ರೊಟ್ಟಿ, ಬಾಟಿ. ವಾರವಾರ ಮಕ್ಕಳೇ ಸೇರಿಸುತ್ತಾ ಹೋಗಲಿ. ‘ಯಾಡಿ’ ಎಂದು ತನ್ನ ಮಾತು ಕನ್ನಡ ಅಕ್ಷರದಲ್ಲಿ ಮೂಡಿದ್ದನ್ನು ಕಂಡ ಮಗು ಯಾ, ಡಿ ಎರಡನ್ನೂ ಮರೆಯುವುದಿಲ್ಲ. ಕಾಗುಣಿತ ಕಲಿಸಲು ಇದಕ್ಕಿಂತ ಹತ್ತಿರದ ದಾರಿ ನನಗೆ ಗೊತ್ತಿಲ್ಲ.

ಇನ್ನೊಂದು ಮಾತು, ಸ್ವಲ್ಪ ಕಹಿ. ಲಂಬಾಣಿ ಹುಡುಗಿಯರನ್ನು ನಾವು ನೆನೆಸಿಕೊಳ್ಳುವುದು ಗಣರಾಜ್ಯೋತ್ಸವಕ್ಕೆ. ಕನ್ನಡಿ ಹೊಲಿದ ಪೇಟಿಯಾ ಲಂಗ ತೊಡಿಸಿ ಕುಣಿಸುತ್ತೇವೆ, ಬಿಇಒ ಸಾಹೇಬರು ಚಪ್ಪಾಳೆ ತಟ್ಟುತ್ತಾರೆ. ಮರುದಿನ ಅದೇ ಹುಡುಗಿ ತರಗತಿಯಲ್ಲಿ ತನ್ನ ಮಾತಿನಲ್ಲಿ ಒಂದು ಶಬ್ದ ಆಡಿದರೆ ‘ಕನ್ನಡದಾಗ ಮಾತಾಡು’. ಬಟ್ಟೆ ಬೇಕು, ಬಾಯಿ ಬೇಡ. ತಾಂಡಾದ ಹೆಣ್ಣುಮಗಳೊಬ್ಬರನ್ನು ಒಂದು ಶನಿವಾರ ಕರೆಸಿ, ಕಸೂತಿ ಹಾಕುತ್ತಾ ಕಥೆ ಹೇಳಲಿ, ಮಕ್ಕಳು ಕನ್ನಡದಲ್ಲಿ ಬರೆದುಕೊಳ್ಳಲಿ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ ಎಂದು ಆ ಹೊತ್ತಿಗೆ ತಿಳಿಸಿ, ಅದೇ ಸಾಮಾನ್ಯಜ್ಞಾನದ ಪಾಠವೂ ಆಯಿತು.

ಪರೀಕ್ಷೆಯ ಭಯಕ್ಕೆ ಬರೋಣ. ಮಗು ‘ನಮ್ಮಪ್ಪ ಪೂನಾಕ್ಕ ದುಡಿಲಾಕ ಹೋಗ್ಯಾನ್ರಿ’ ಅಂದರೆ ಅದರಲ್ಲಿ ತಿದ್ದುವುದಕ್ಕೆ ಏನೂ ಇಲ್ಲ. ಕರ್ತೃ ಇದೆ, ಕ್ರಿಯಾಪದ ಇದೆ, ಚತುರ್ಥಿ ಇದೆ, ನಿಮಗೆ ಕೊಡಬೇಕಾದ ಗೌರವವೂ ‘ರಿ’ಯಲ್ಲಿ ಇದೆ. ಮಾತನ್ನು ಕೇಳಿಸಿಕೊಳ್ಳಿ, ಮೆಚ್ಚಿಕೊಳ್ಳಿ, ಆಮೇಲೆ ‘ಇದನ್ನ ಪುಸ್ತಕದಾಗ ಹೆಂಗ ಬರೀತಾರ?’ ಎಂದು ಕೇಳಿ. ಹೊಲಕ್ಕೊಂದು ಅಂಗಿ, ಜಾತ್ರೆಗೊಂದು ಅಂಗಿ ಇರುವುದು ಆ ಮಕ್ಕಳಿಗೆ ಗೊತ್ತೇ ಇದೆ, ಎರಡೂ ತಮ್ಮವೇ ಎಂದು ತಿಳಿದರೆ ಸಾಕು. ತಿದ್ದುವಾಗ ಇಡೀ ಪುಟ ಕೆಂಪು ಮಾಡಬೇಡಿ. ಈ ವಾರ ಒತ್ತಕ್ಷರ ಮಾತ್ರ, ಮುಂದಿನ ವಾರ ಕ್ರಿಯಾಪದ ಮಾತ್ರ. ಏನು ಹೇಳಿದೆ ಎಂಬುದಕ್ಕೆ ಮೊದಲು ಅಂಕ, ಹೇಗೆ ಬರೆದೆ ಎಂಬುದಕ್ಕೆ ಆಮೇಲೆ. ಯಾರಾದರೂ ‘ಗ್ರಾಮ್ಯ’ ಎಂದು ಮೂಗು ಮುರಿದರೆ, ಧಾರವಾಡದ ಆಡುಮಾತಿನಲ್ಲಿ ಕವಿತೆ ಬರೆದು 1973ರ ಜ್ಞಾನಪೀಠ ಪಡೆದ ಬೇಂದ್ರೆಯವರನ್ನು ನೆನಪಿಸಿ. ಅವರ ಮನೆಮಾತು ಮರಾಠಿ, ಮಾಸ್ತಿಯವರ ಮನೆಮಾತು ತಮಿಳು. ಮನೆಯಲ್ಲಿ ಇನ್ನೊಂದು ಮಾತಿದ್ದರೆ ಕನ್ನಡ ಕೆಡುತ್ತದೆ ಎನ್ನುವವರು ಇವರಿಬ್ಬರಿಗೆ ಏನು ಹೇಳುತ್ತಾರೋ.

ನೀವು ಕೇಳದೇ ಇದ್ದ ಒಂದು ವಿಷಯ ಹೇಳುತ್ತೇನೆ, ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡದು. ನಿಮ್ಮ ಶಾಲೆಯ ಗೋಡೆಯಲ್ಲಿ ‘ನಮ್ಮ ಸಹಾಯಕರು’ ಎಂಬ ಚಾರ್ಟು ಇದ್ದೇ ಇರುತ್ತದೆ. ಅದನ್ನು ತೋರಿಸಿ ನಾವು ವಾಕ್ಯ ಹೇಳಿಸುತ್ತೇವೆ: ‘ವೈದ್ಯರು ಚಿಕಿತ್ಸೆ ನೀಡುತ್ತಾರೆ. ಶಿಕ್ಷಕರು ಪಾಠ ಹೇಳುತ್ತಾರೆ. ಕುಂಬಾರನು ಮಡಕೆ ಮಾಡುತ್ತಾನೆ. ಅಗಸನು ಬಟ್ಟೆ ಒಗೆಯುತ್ತಾನೆ. ಕೆಲಸದವಳು ಕಸ ಗುಡಿಸುತ್ತಾಳೆ.’ ಕ್ರಿಯಾಪದದ ಬಾಲ ನೋಡಿ. ಸ್ಟೆತಸ್ಕೋಪು ಇದ್ದವರಿಗೆ ‘ತ್ತಾರೆ’, ಪೊರಕೆ ಹಿಡಿದವರಿಗೆ ‘ತ್ತಾಳೆ’. ಆ ಪೊರಕೆ ಹಿಡಿದಾಕೆಯ ಮಗಳು ಮೂರನೇ ಬೆಂಚಿನಲ್ಲಿ ಕೂತು ಇದನ್ನು ಗಟ್ಟಿಯಾಗಿ ಹೇಳುತ್ತಿರುತ್ತಾಳೆ. ಜಾತಿಯ ಹೆಸರೇ ಎತ್ತದೆ ಜಾತಿಯ ಪಾಠ ಮುಗಿಯಿತು. ಏಕವಚನ ಅವಮಾನ ಎಂದು ನಾನು ಹೇಳುತ್ತಿಲ್ಲ. ಅವ್ವನಿಗೂ ದೇವರಿಗೂ ನಾವು ಏಕವಚನವನ್ನೇ ಆಡುತ್ತೇವೆ, ‘ಹೋಗ್ಯಾನ್ರಿ’ ಅಂದ ಹುಡುಗನಿಗೆ ಅಪ್ಪನ ಮೇಲೆ ಪ್ರೀತಿ ಕಡಿಮೆಯಿಲ್ಲ. ಒಂದೇ ಚಾರ್ಟಿನಲ್ಲಿ ಯಾರಿಗೆ ಯಾವುದು ಸಿಗುತ್ತದೆ ಎಂಬುದಷ್ಟೇ ಪ್ರಶ್ನೆ. ಎಲ್ಲರಿಗೂ ‘ಅವರು’ ಹಚ್ಚಿ ಹೇಳಿಸಿ. ‘ಪೌರಕಾರ್ಮಿಕರು ಬೀದಿ ಗುಡಿಸುತ್ತಾರೆ.’ ಐದನೇ ತರಗತಿಗಾದರೆ ಇದನ್ನೇ ವಚನದ ಅಭ್ಯಾಸ ಮಾಡಿ: ಹಳೆಯ ವಾಕ್ಯ ಬೋರ್ಡಿನಲ್ಲಿ ಇರಲಿ, ಮಕ್ಕಳೇ ಬದಲಿಸಲಿ, ಯಾಕೆ ಬದಲಿಸಿದಿರಿ ಎಂದು ಅವರೇ ಹೇಳಲಿ. ಹಾಗೆಯೇ ‘ಸ್ಕಾಲರ್‌ಶಿಪ್ ಬರೋರು ಎದ್ದು ನಿಲ್ರಿ’ ಎಂದು ಎಲ್ಲರೆದುರು ಎಬ್ಬಿಸುವ ಪದ್ಧತಿ ನಿಮ್ಮ ಶಾಲೆಯಲ್ಲಿ ಇದ್ದರೆ ಅದನ್ನೂ ನಿಲ್ಲಿಸಿ. ಕಡತದಲ್ಲಿ ಇರುವುದನ್ನು ಮಗುವಿನ ಬಾಯಲ್ಲಿ ಹೇಳಿಸುವ ಅಗತ್ಯ ಏನಿದೆ?

ವ್ಯಾಕರಣದ ಉದಾಹರಣೆಗಳೂ ನಿಮ್ಮವೇ. ಉರ್ದು ಮಕ್ಕಳ ಹೆಸರು ರಂಜಾನಿನ ಪಾಠದಲ್ಲಿ ಮಾತ್ರ ಬಂದರೆ ಸಾಲದು. ‘ಸಲೀಮನು ಬಾವಿಯಿಂದ ನೀರನ್ನು ಸೇದಿದನು’ ಎಂದು ವಿಭಕ್ತಿಯಲ್ಲಿ ಬರಬೇಕು, ಸಪ್ಪೆ ವಾಕ್ಯದಲ್ಲಿ ಬಂದರೇನೇ ಅವನು ಊರವನು ಎಂದು ಅರ್ಥ. ಹಾಜರಿ ಕರೆಯುವಾಗ ಹೆಸರನ್ನು ಮನೆಯಲ್ಲಿ ಕರೆಯುವ ಹಾಗೆ ಕರೆಯಿರಿ. ಜ಼ೀನತ್‌ಗೆ ಕೆಳಗೆ ಎರಡು ಚುಕ್ಕಿ ಇಡಲು ನಮ್ಮ ಲಿಪಿಗೆ ಬರುತ್ತದೆ. ಗಾದೆ ವಿಸ್ತರಣೆಗೆ ಗಾದೆ ಆರಿಸುವಾಗಲೂ ಒಮ್ಮೆ ತರಗತಿಯತ್ತ ನೋಡಿ. ಕುರುಡರಲ್ಲಿ ಮೆಳ್ಳಗಣ್ಣ ಶ್ರೇಷ್ಠ ಎಂಬುದನ್ನು ಹತ್ತು ಸಾಲು ವಿಸ್ತರಿಸುವಾಗ ಮುಂದಿನ ಸಾಲಿನ ಆ ಹುಡುಗಿ ಏನು ಬರೆಯಬೇಕು? ಅಂಥ ಗಾದೆಯನ್ನು ತಂದೇ ತರುತ್ತೇನೆ ಅನ್ನುವುದಾದರೆ ‘ಇದನ್ನು ನೀವು ಒಪ್ಪುತ್ತೀರಾ?’ ಎಂದು ಕೇಳಿ, ವಿಸ್ತರಿಸಿ ಎನ್ನಬೇಡಿ.

ಅಕ್ಷರಮಾಲೆಯ ಚಾರ್ಟಿನ ಬಗ್ಗೆ ಒಂದು ತಮಾಷೆ. ಋ ಋಷಿ, ಐ ಐರಾವತ, ಯ ಯಜ್ಞ. ನಮ್ಮ ಮಕ್ಕಳು ನಿಜವಾಗಿ ಕಂಡಿರುವ ಐರಾವತ ಕೆಎಸ್‌ಆರ್‌ಟಿಸಿ ಬಸ್ಸು ಮಾತ್ರ. ಬಸ್ಸಿನ ಚಿತ್ರ ಅಂಟಿಸಿದರೂ ಐ ಐಯೇ. ಅಕ್ಷರ ಕಲಿಕೆಗೆ ‘ಅ ಆ ಇ ಈ’ ಸಾಲೇ ದಾರಿಯಲ್ಲ ಎಂದು ನಮ್ಮದೇ ರಾಜ್ಯದ ಶಿಕ್ಷಕರು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ತೋರಿಸಿದರು. ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿಬಂದು, ಯುನಿಸೆಫ್ ನೆರವಿನಲ್ಲಿ ಅವರು ಕಟ್ಟಿದ್ದೇ ನಲಿಕಲಿ. ಅಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಐದೇ ಅಕ್ಷರಕ್ಕೆ ಸರ, ಗರಗಸ, ಅರಸ, ದರ ಎಂದು ಪದ ಹುಟ್ಟುತ್ತವೆ. ಮನೆಯಲ್ಲಿ ಪುಸ್ತಕವೇ ಇಲ್ಲದ ಮಗುವೂ ಮೊದಲ ತಿಂಗಳಲ್ಲೇ ಓದಿದ ಸುಖ ಕಾಣಲಿ ಎಂಬ ಲೆಕ್ಕ ಅದು. ನಿಮ್ಮ ನಾಲ್ಕನೇ ತರಗತಿಯವರು ಮೂರು ವರ್ಷ ಕಾರ್ಡು ಹಿಡಿದು, ಗುಂಪಿನಲ್ಲಿ ಕೂತು ಕಲಿತು ಬಂದವರು. ನಿಮ್ಮಲ್ಲಿಗೆ ಬಂದ ಕೂಡಲೇ ಸಾಲು, ಬೆಂಚು, ದಪ್ಪ ಪುಸ್ತಕ, ಮೌನ. ಬಾಯಿ ಮುಚ್ಚಿದ್ದಕ್ಕೆ ಇದೂ ಒಂದು ಕಾರಣ. ಪಾಠದ ದೊಡ್ಡ ಪ್ಯಾರಾಗಳನ್ನು ಒಡೆದು ನೀವೇ ಕಾರ್ಡು ಮಾಡಿ, ಹಳೆಯ ನಲಿಕಲಿ ಕಾರ್ಡುಗಳ ಬೆನ್ನು ಖಾಲಿ ಇದ್ದರೆ ಅದೂ ಆಗುತ್ತದೆ.

ಎಲ್ಲವನ್ನೂ ಒಟ್ಟಿಗೆ ಮಾಡಲು ಹೋಗಬೇಡಿ. ಈ ವಾರ ಕಣ್ಣಿನ ತಪಾಸಣೆ ಮತ್ತು ‘ನಮ್ಮ ಸಹಾಯಕರು’ ಚಾರ್ಟು. ಮುಂದಿನ ಎಫ್‌ಎಗೆ ಪ್ರಶ್ನೆಗಳು. ಪದಗಳ ಹಾಳೆ ತಾನಾಗಿ ಬೆಳೆಯುತ್ತದೆ.

ಆ ಹಿರಿಯ ಮೇಷ್ಟ್ರ ಜೊತೆ ವಾದಕ್ಕೆ ಇಳಿಯಬೇಡಿ. ಅವರು ಹೇಳಿದ್ದರಲ್ಲಿ ಅರ್ಧ ಸರಿ: ಕನ್ನಡ ಶಾಲೆಯಲ್ಲಿ ಕನ್ನಡವೇ ಕಲಿಯಬೇಕು, ಅದೂ ಚೆನ್ನಾಗಿ. ಈ ಮಕ್ಕಳಿಗೆ ಅದು ಹೊಟ್ಟೆಪಾಡಿನ ಪ್ರಶ್ನೆ. ಅಲ್ಲಿಗೆ ಹೋಗುವ ದಾರಿ ಯಾವುದು ಎಂಬುದರಲ್ಲಿ ಮಾತ್ರ ನಿಮ್ಮಿಬ್ಬರ ಭಿನ್ನಾಭಿಪ್ರಾಯ. ಅಧಿಕಾರಿಗಳು ಯಾರಾದರೂ ಆಕ್ಷೇಪ ತೆಗೆದರೆ ಮಾತ್ರ 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮು ತೋರಿಸಿ. ಸಾಧ್ಯವಾದಷ್ಟು ಮಟ್ಟಿಗೆ ಮಗುವಿನ ತಾಯ್ನುಡಿಯಲ್ಲಿ ಕಲಿಸಬೇಕು, ಮಗು ಭಯವಿಲ್ಲದೆ ತನ್ನ ಅನಿಸಿಕೆ ಹೇಳುವಂತಿರಬೇಕು ಎಂದು ಅಲ್ಲೇ ಇದೆ. ಮೇಷ್ಟ್ರಿಗೆ ಕಾಯ್ದೆ ಬೇಡ. ‘ಸರ್, ನಿಮಗೆ ಈ ಊರು ನನಗಿಂತ ಚೆನ್ನಾಗಿ ಗೊತ್ತು, ಈ ಪ್ರಶ್ನೆಪತ್ರಿಕೆ ಒಮ್ಮೆ ನೋಡಿಕೊಡ್ರಿ, ಯಾವ ಮಗುವಿಗೆ ಉತ್ತರ ಹೇಳಕ್ಕಾಗಲ್ಲ ಅಂತ ಗುರುತು ಹಾಕ್ರಿ’ ಎಂದು ಕೈಗೆ ಕೊಡಿ. ಇಷ್ಟು ವರ್ಷ ಅದೇ ಊರಲ್ಲಿ ಇದ್ದವರು, ಯಾರ ಮನೆಯಲ್ಲಿ ಏನಿದೆ ಎಂದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅವರು ಗುರುತು ಹಾಕಿದ ಹಾಳೆಯನ್ನೇ ಮುಂದಿನ ಕ್ಲಸ್ಟರ್ ಸಮಾಲೋಚನಾ ಸಭೆಗೆ ಒಯ್ಯಿರಿ, ಅವರ ಹೆಸರಿನಲ್ಲೇ ಮಂಡಿಸಿ. ಒಂದು ಪ್ರತಿ ನನಗೂ ಕಳಿಸಿ.